ಜೇಡ ಮನುಷ್ಯನನ್ನು ಹರಾಜಿಗಿಟ್ಟವರು
(ಯುವ ಗೆಳೆಯರ ಮುಂದೆ ಆಡಿದ ಮಾತಿನ ಬರಹ ರೂಪ)



ನಾನು ಭಾಷಣಕಾರನಲ್ಲ. ಅಚ್ಚುಕೂಟ ನಡೆಸುವವನು. ಓದಿದ್ದು ಪಿಯುಸಿ. ಆದರೆ ಕಾಮಿಕ್ಸ್ ಅಂದರೆ ಈ ವಯಸ್ಸಿನಲ್ಲೂ ಜೀವ ಬಿಡ್ತೀನಿ. ನೀವು ಸ್ಪೈಡರ್‌ಮ್ಯಾನ್ ಟೀ ಶರ್ಟು ಹಾಕಿಕೊಂಡು ಓಡಾಡ್ತೀರಿ, ಸಿನಿಮಾ ಬಂದ ಮೊದಲ ದಿನವೇ ಟಿಕೆಟ್ಟಿಗೆ ನಿಲ್ತೀರಿ. ಸಂತೋಷ. ಆದರೆ ಒಂದು ಪ್ರಶ್ನೆ ಕೇಳ್ತೀನಿ: ಆ ಜೇಡ ಮನುಷ್ಯ ಯಾರ ಸ್ವತ್ತು? ಬರೆದವನದ್ದಾ? ಚಿತ್ರ ಬಿಡಿಸಿದವನದ್ದಾ? ಎರಡೂ ಅಲ್ಲ!

ಈ ಕಥೆ ಅಮೆರಿಕದ್ದು. 1938ರಲ್ಲಿ ಜೆರ್ರಿ ಸೀಗಲ್, ಜೋ ಶುಸ್ಟರ್ ಎಂಬ ಇಬ್ಬರು ಹುಡುಗರು ಸೂಪರ್‌ಮ್ಯಾನ್‌ನ ಸಕಲ ಹಕ್ಕನ್ನೂ 130 ಡಾಲರಿಗೆ ಬರೆದುಕೊಟ್ಟರು. ಹೌದು, ನೂರಾ ಮೂವತ್ತು. ಅಂದಿನಿಂದ ಅಲ್ಲಿನ ದೊಡ್ಡ ಕಂಪನಿಗಳ ರೂಢಿಯೇ ಅದಾಯಿತು. ಕಲೆಗಾರ ಪುಟಕ್ಕೆ ಇಷ್ಟು ಅಂತ ಕೂಲಿ ತಗೊಂಡು ಹೋಗಬೇಕು, ಪಾತ್ರ ಧಣಿಯ ತಿಜೋರಿಗೆ. ಪಾತ್ರ ತಿಜೋರಿಯಲ್ಲಿದ್ದರೆ ತಿಜೋರಿಯ ಸಮೇತ ಯಾರು ಬೇಕಾದರೂ ಕೊಳ್ಳಬಹುದಲ್ಲವೇ? ಕೊಂಡರು.

ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಇದ್ದ ಡಿಸಿ ಕಂಪನಿಯನ್ನು 1967ರಲ್ಲಿ ಕಿನ್ನಿ ನ್ಯಾಷನಲ್ ಎನ್ನುವವರು ಹಿಡಿದರು. ಅವರದು ಏನು ವ್ಯಾಪಾರ ಗೊತ್ತಾ? ಕಾರು ನಿಲ್ಲಿಸುವ ಜಾಗ, ಶವಸಂಸ್ಕಾರದ ಏರ್ಪಾಟು! ಅದೇ ಕಂಪನಿ ಮುಂದೆ ವಾರ್ನರ್ ಆಯಿತು. ಅದು ಹಾಗಿರಲಿ.

ನನ್ನ ಹೊಟ್ಟೆ ಉರಿಸಿದ್ದು ಮಾರ್ವೆಲ್ ಕಥೆ. 1989ರಲ್ಲಿ ರೊನಾಲ್ಡ್ ಪೆರೆಲ್ಮನ್ ಅದನ್ನು 8 ಕೋಟಿ 25 ಲಕ್ಷ ಡಾಲರಿಗೆ ಕೊಂಡ. ತುಟಿಗೆ ಹಚ್ಚುವ ಬಣ್ಣದ ರೆವ್ಲಾನ್ ಕಂಪನಿಯ ಒಡೆಯ ಆತ. 1991ರಲ್ಲಿ ಷೇರು ಮಾರುಕಟ್ಟೆಗೆ ಬಿಟ್ಟ. ಷೇರು ಏರಬೇಕು, ಏರುತ್ತಲೇ ಇರಬೇಕು. ಏರಿಸೋದು ಹೇಗೆ? ಒಳ್ಳೇ ಕಥೆ ಬರೆಸಿ ಅಂದುಕೊಂಡಿರಾ? ನಿಧಾನ ಆಗುತ್ತೆ ಅದು. ಹೊದಿಕೆ ಬದಲಿಸಿ!

ಅಚ್ಚುಕೂಟದವನಾಗಿ ಹೇಳ್ತೀನಿ ಕೇಳಿ. ಒಳಗಿನ ಫಾರಂ ಒಂದೇ, ರಟ್ಟು ಮಾತ್ರ ಐದು ಬಗೆ. 1991ರ ಎಕ್ಸ್-ಮೆನ್ 1ನೇ ಸಂಚಿಕೆ ಹೀಗೆ ಐದು ಹೊದಿಕೆಯಲ್ಲಿ ಬಂತು, 80 ಲಕ್ಷಕ್ಕೂ ಹೆಚ್ಚು ಪ್ರತಿ ಅಂಗಡಿಗಳಿಗೆ ಹೋಯಿತು. ಒಬ್ಬನೇ ಹುಡುಗ ಐದೈದು ಕೊಂಡ, ಮುಂದೆ ಬೆಲೆ ಬರುತ್ತೆ ಅಂತ. ಆಮೇಲೆ ಬೆಳ್ಳಿ ಹಾಳೆಯ ಮುದ್ರಣ, ಹೊಳೆಯುವ ಹೊಲೊಗ್ರಾಂ, ಬಿಚ್ಚಬಾರದ ಪ್ಲಾಸ್ಟಿಕ್ ಚೀಲ. ಓದಬೇಡಿ, ಬಚ್ಚಿಡಿ ಅನ್ನುವ ಪುಸ್ತಕ ಅದು ಎಂಥ ಪುಸ್ತಕ ಸ್ವಾಮಿ? ಲಕ್ಷಗಟ್ಟಲೆ ಅಚ್ಚಾದದ್ದಕ್ಕೆ ಅಪರೂಪದ ಬೆಲೆ ಎಲ್ಲಿಂದ ಬರಬೇಕು?

ಇತ್ತ ಮಾರ್ವೆಲ್ ಫ್ಲೀರ್ ಎಂಬ ಕ್ರೀಡಾ ಕಾರ್ಡಿನ ಕಂಪನಿ ಕೊಂಡಿತು, ಇಟಲಿಯ ಪಾನಿನಿ ಸ್ಟಿಕ್ಕರ್ ಕಂಪನಿ ಕೊಂಡಿತು. ಎಲ್ಲ ಸಾಲದಲ್ಲಿ. ಮೇಲಿನ ಕಂಪನಿಗಳು ಮಾರ್ವೆಲ್ ಷೇರು ಅಡವಿಟ್ಟು ಬಾಂಡ್ ಹೊರಡಿಸಿ ದುಡ್ಡು ಎತ್ತಿದವು. ಆ ದುಡ್ಡು ಕಾಮಿಕ್ಸಿಗೆ ಬರಲಿಲ್ಲ. 1994ರಲ್ಲಿ ಬೇಸ್‌ಬಾಲ್ ಆಟಗಾರರು ಮುಷ್ಕರ ಹೂಡಿದರು, ಕಾರ್ಡಿನ ವ್ಯಾಪಾರ ಮಲಗಿತು. ಕಾಮಿಕ್ಸಿನ ಗುಳ್ಳೆಯೂ ಒಡೆಯಿತು, ಸಾವಿರಾರು ಅಂಗಡಿಗಳು ಬಾಗಿಲು ಹಾಕಿದವು. 1996ರ ಡಿಸೆಂಬರಿನಲ್ಲಿ ಮಾರ್ವೆಲ್ ದಿವಾಳಿ ಅರ್ಜಿ ಹಾಕಿತು. ಜೇಡ ಮನುಷ್ಯ ಕೋರ್ಟು ಕಟ್ಟೆ ಹತ್ತಿದ! ಪೆರೆಲ್ಮನ್, ಕಾರ್ಲ್ ಐಕಾನ್ ಎಂಬ ಇಬ್ಬರು ಧಣಿಗಳು ಕಿತ್ತಾಡಿದರು. ಕೊನೆಗೆ 1998ರಲ್ಲಿ ಆಟಿಕೆ ಮಾಡುವ ಟಾಯ್ ಬಿಜ್ ಕಂಪನಿಯ ಪಾಲಾಯಿತು.

ಇನ್ನೊಂದು ಪೆಟ್ಟು ವಿತರಣೆಯದ್ದು. ಅದರ ನೋವು ನಮ್ಮಂಥವರಿಗೇ ಹೆಚ್ಚು ಗೊತ್ತು. ಅಮೆರಿಕದ ಕಾಮಿಕ್ಸ್ ಅಂಗಡಿಗೆ ಮಾಲು ಹೋದರೆ ಸಾಮಾನ್ಯವಾಗಿ ವಾಪಸು ಇಲ್ಲ. ಮಾರದಿದ್ದರೆ ಅಂಗಡಿಯವನ ತಲೆಗೆ. ಆಗ ಹಲವು ವಿತರಕರಿದ್ದರು. 1994ರ ಕೊನೆಗೆ ಮಾರ್ವೆಲ್ ಹೀರೋಸ್ ವರ್ಲ್ಡ್ ಎಂಬ ವಿತರಕನನ್ನು ಕೊಂಡು, ನಮ್ಮ ಪುಸ್ತಕ ಇನ್ನು ಇಲ್ಲಿಂದ ಮಾತ್ರ ಅಂದಿತು. ಹೆದರಿದ ಡಿಸಿ ಮತ್ತಿತರರು ಡೈಮಂಡ್ ಎಂಬ ಕಂಪನಿಯ ಕೈ ಹಿಡಿದರು. ಉಳಿದವರು ಸತ್ತರು. 1997ಕ್ಕೆ ಹೀರೋಸ್ ವರ್ಲ್ಡೂ ಮುಚ್ಚಿ, ಮಾರ್ವೆಲ್ ಕೂಡ ಡೈಮಂಡ್ ಬಾಗಿಲಿಗೇ ಬಂತು. ಇಡೀ ದೇಶಕ್ಕೆ ಒಂದೇ ಬಾಗಿಲು! 2020ರಲ್ಲಿ ಡಿಸಿ, 2021ರಲ್ಲಿ ಮಾರ್ವೆಲ್ ಹೊರಬಂದವು. 2025ರ ಜನವರಿಯಲ್ಲಿ ಡೈಮಂಡ್ ದಿವಾಳಿ ಅರ್ಜಿ ಹಾಕಿದಾಗ ಅದರ ಗೋದಾಮಿನಲ್ಲಿ ಸಣ್ಣ ಪ್ರಕಾಶಕರ ಪುಸ್ತಕ ರಾಶಿ ಬಿದ್ದಿತ್ತು. ದೊಡ್ಡವರು ಆಗಲೇ ಜಾಗ ಖಾಲಿ ಮಾಡಿದ್ದರು ನೋಡಿ.

ಕೊಳ್ಳುವವರೆಲ್ಲ ಕೆಟ್ಟವರಾ? ಹಾಗೆ ಹೇಳಿದರೆ ಅನ್ಯಾಯ. 2009ರಲ್ಲಿ ಡಿಸ್ನಿ ಮಾರ್ವೆಲನ್ನು ಸುಮಾರು 400 ಕೋಟಿ ಡಾಲರಿಗೆ ಕೊಳ್ಳಲು ಮುಂದಾದಾಗ ನಾನೂ ಕೈ ಹಿಸುಕಿಕೊಂಡೆ. ಪುಸ್ತಕ ನಿಲ್ಲಲಿಲ್ಲ, ಇವತ್ತಿಗೂ ಬರ್ತಿದೆ. ಆದರೆ ಈಗ ಪುಸ್ತಕ ಸಿನಿಮಾದ ಬಾಲ ಹಿಡಿದು ನಡೀತಿದೆ ಅನ್ನೋದು ನನ್ನ ಅಭಿಪ್ರಾಯ. ಅಲ್ಲಿನ ಎಷ್ಟೋ ವೀರರಿಗೆ ರೂಪ ಕೊಟ್ಟ ಜ್ಯಾಕ್ ಕಿರ್ಬಿ 1994ರಲ್ಲೇ ತೀರಿಕೊಂಡಿದ್ದ. ಅವನ ಮಕ್ಕಳು ಹಕ್ಕಿಗಾಗಿ ವರ್ಷಗಟ್ಟಲೆ ಕೋರ್ಟು ಅಲೆದು, 2014ರಲ್ಲಿ ರಾಜಿಯಾದರು.

ತಿರುಗಿ ನಿಂತವರೂ ಇದ್ದಾರೆ. 1992ರಲ್ಲಿ ಟಾಡ್ ಮ್ಯಾಕ್‌ಫಾರ್ಲೇನ್, ಜಿಮ್ ಲೀ ಸೇರಿ ಏಳು ಕಲಾವಿದರು ಮಾರ್ವೆಲ್ ಬಿಟ್ಟು ಇಮೇಜ್ ಕಟ್ಟಿದರು. ಬರೆದವನಿಗೇ ಹಕ್ಕು ಅಂದರು. ಅದೇ ಜಿಮ್ ಲೀ 1990ರ ದಶಕ ಮುಗಿಯುವ ಮೊದಲೇ ತನ್ನ ವೈಲ್ಡ್‌ಸ್ಟಾರ್ಮ್ ಭಾಗವನ್ನು ಡಿಸಿಗೆ ಮಾರಿದ. ಮನುಷ್ಯ ಅಲ್ಲವೇ! ಆದರೂ ಇಮೇಜ್ ನಿಂತಿದೆ. ದಿ ವಾಕಿಂಗ್ ಡೆಡ್ 2003ರಲ್ಲಿ ಶುರುವಾದದ್ದು ಅಲ್ಲಿಯೇ.

ನಮಗೇನು ಸಂಬಂಧ ಅಂತೀರಾ? ಇದೆ. ಅಮರ ಚಿತ್ರ ಕಥೆಯ ಮೊದಲ ಹತ್ತು ಪುಸ್ತಕ ಬಂದದ್ದು ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ, 1960ರ ದಶಕದಲ್ಲಿ! ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್ ಮಾರಾಟ ನೋಡುತ್ತಿದ್ದ ಜಿ.ಕೆ. ಅನಂತರಾಮ್ ಅವರ ಯೋಚನೆ ಅದು. ಸಿಂಡ್ರೆಲಾದಂಥ ಪಶ್ಚಿಮದ ಕಥೆಗಳು. ಅದಕ್ಕೇ ಇಂಗ್ಲಿಷಿನ 'ಕೃಷ್ಣ' ಸಂಚಿಕೆಯ ಸಂಖ್ಯೆ 11. ಆ ಮಾಲೆಯನ್ನು ಬೆಳೆಸಿದ ಅನಂತ ಪೈ ಹುಟ್ಟಿದ್ದು ನಮ್ಮ ಕಾರ್ಕಳದಲ್ಲಿ. 2007ರಲ್ಲಿ ಅದೂ ಕೈ ಬದಲಾಯಿತು, ಎಸಿಕೆ ಮೀಡಿಯಾ ಕೊಂಡಿತು. 2011ರಲ್ಲಿ ಫ್ಯೂಚರ್ ಗ್ರೂಪ್ ಪಾಲು ಹಿಡಿಯಿತು.

ಆ ಮೊದಲ ಹತ್ತು ಕನ್ನಡ ಪುಸ್ತಕಗಳಲ್ಲಿ ಒಂದಾದರೂ ನಿಮ್ಮ ಅಜ್ಜಿ ಮನೆ ಅಟ್ಟದಲ್ಲಿ ಸಿಕ್ಕರೆ ರದ್ದಿಗೆ ಹಾಕಬೇಡಿ. ಹರಿದಿದ್ದರೂ ಪರವಾಗಿಲ್ಲ, ನನ್ನ ಹತ್ತಿರ ತನ್ನಿ. ಬೈಂಡಿಂಗ್ ಪುಕ್ಕಟೆ ಮಾಡಿಕೊಡ್ತೀನಿ. ನಿಮ್ಮ ಪುಸ್ತಕ ನಿಮಗೇ ವಾಪಸು, ಓದಲು ಒಂದು ಸಂಜೆ ಮಾತ್ರ ನನಗೆ ಕೊಡಿ.