ಹೆಬ್ಬೆರಳು ಯಾವ ಮನೆಗೆ?

ಇವತ್ತಿನ ವಿಷಯ ಕೀಲಿಮಣೆಯ ಮೇಲೆ ಬೆರಳು ಓಡಿಸುವುದು. ಪಿಯಾನೊ ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಅಪರೂಪ. ಆದರೆ ಅದೇ ಕಪ್ಪು ಬಿಳಿ ಮನೆಗಳ ಹಾರ್ಮೋನಿಯಂ ನಮಗೆ ಹೊಸದಲ್ಲ. ಊರಲ್ಲಿ ‘ಕುರುಕ್ಷೇತ್ರ’ ಕಲಿಸಲು ಮೇಷ್ಟ್ರು ಬಂದರೆ ಮೊದಲು ಪೆಟ್ಟಿಗೆ ಇಳಿಯುತ್ತದೆ, ಮಾತು ಆಮೇಲೆ. 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿದ್ದು ನಮ್ಮ ನೆರೆಯ ತಾಲ್ಲೂಕಿನಲ್ಲೇ. ಮೈಸೂರಿನ ವೀಣೆ ಶೇಷಣ್ಣನವರಿಗೆ ಪಿಯಾನೊ ಕೂಡ ಒಲಿದಿತ್ತು.

ಕಲಿಯುವವರಲ್ಲಿ ನಾನು ಹೆಚ್ಚಾಗಿ ಕಾಣುವುದು ಇದು: ತೋರುಬೆರಳು, ನಡುಬೆರಳು ಎರಡರಲ್ಲೇ ಇಡೀ ಸ್ಥಾಯಿ ಓಡಿಸುತ್ತಾರೆ. ಹೆಬ್ಬೆರಳು ಕೆಲಸವಿಲ್ಲದೆ ಅಂಚಿನಲ್ಲಿ ಜೋತುಬಿದ್ದಿರುತ್ತದೆ. ಯುರೋಪಿನಲ್ಲೂ ಒಂದು ಕಾಲಕ್ಕೆ ಹೀಗೇ ಇತ್ತು. ದೊಡ್ಡ ವಾದಕರು ಕೂಡ ಅಗಲಕ್ಕೆ ಕೈ ಚಾಚಬೇಕಾದಾಗ ಮಾತ್ರ ಹೆಬ್ಬೆರಳು ಬಳಸುತ್ತಿದ್ದರೆಂದು ತಂದೆ ಹೇಳಿದ್ದನ್ನು ಬಾಖ್ ಅವರ ಮಗ ಕಾರ್ಲ್ ಫಿಲಿಪ್ ಎಮಾನುಯೆಲ್ 1753ರ ತಮ್ಮ ಗ್ರಂಥದಲ್ಲಿ ಬರೆದಿದ್ದಾರೆ.

ಹೆಬ್ಬೆರಳನ್ನು 1, ಕಿರುಬೆರಳನ್ನು 5 ಅಂತ ಇಟ್ಟುಕೊಳ್ಳಿ. ಷಡ್ಜ ಬಿಳಿ 1. ಮಾಯಾಮಾಳವಗೌಳದ ಸರಳೆ ಹಿಡಿಯೋಣ. ಬಲಗೈಯಲ್ಲಿ ಸ ರಿ ಗ ಅಂದರೆ 1, 2, 3. ಈಗ ನೋಡಿ, ನಡುಬೆರಳು ಇನ್ನೂ ಗಾಂಧಾರದ ಮೇಲಿದೆ, ಹೆಬ್ಬೆರಳು ಅಂಗೈಯಡಿ ಸರಿದು ಮಧ್ಯಮದ ಮನೆ ಸೇರುತ್ತದೆ. ಮ ಪ ದ ನಿ ಸ, ಮತ್ತೆ 1ರಿಂದ 5. ಎಲ್ಲರೂ ಎಡವುವುದು ಗ-ಮ ನಡುವೆ. ಹೆಬ್ಬೆರಳು ತಡವಾಗಿ ಹೊರಡುತ್ತದೆ, ಆಗ ಮೊಣಕೈ ಎಗರಿ ಮಧ್ಯಮ ಧಡಕ್ಕನೆ ಕೇಳುತ್ತದೆ. ರಿಷಭ ನುಡಿಯುತ್ತಿರುವಾಗಲೇ ಹೆಬ್ಬೆರಳು ಹೊರಟಿರಬೇಕು. ಮುಂಗೈ ಸ್ವರದ ಜೊತೆಜೊತೆಗೇ ಪಕ್ಕಕ್ಕೆ ಸಾಗಬೇಕು, ಮಣಿಕಟ್ಟು ಕುಸಿಯಬಾರದು. ಅವರೋಹಣದಲ್ಲಿ ಮಧ್ಯಮದ ಹೆಬ್ಬೆರಳು ಅಲ್ಲೇ ಇರುತ್ತದೆ, ನಡುಬೆರಳು ಅದರ ಮೇಲಿಂದ ದಾಟಿ ಗಾಂಧಾರ ಹಿಡಿಯುತ್ತದೆ.

ಇಷ್ಟು ಕಲಿತವರು ‘ಮಧ್ಯಮಕ್ಕೆ ಹೆಬ್ಬೆರಳು’ ಅಂತ ಬಾಯಿಪಾಠ ಮಾಡಿಬಿಡುತ್ತಾರೆ. ನಾಟಕದ ರಾತ್ರಿ ಕೈ ಕೊಡುವುದು ಅದೇ ಪಾಠ. ಭೀಮನ ಪಾತ್ರದವರು ಬಿಳಿ 1ಕ್ಕೆ ಹಾಡಿದರೆ ಕೃಷ್ಣನ ಪಾತ್ರದವರು ಕಪ್ಪು 1 ಕೇಳುತ್ತಾರೆ. ದ್ರೌಪದಿಯಾಗಿ ಬಂದ ಕಲಾವಿದೆಯ ಶ್ರುತಿಯೇ ಬೇರೆ, ಅವರು ಊರಿಗೆ ಬಂದಿಳಿದಿರುವುದೇ ಆ ಸಂಜೆ. ಕಪ್ಪು 1ನ್ನು ಷಡ್ಜ ಮಾಡಿಕೊಂಡು ಅದೇ ರಾಗ ನುಡಿಸಿ: ಸ ಕಪ್ಪು, ರಿ ಬಿಳಿ, ಗ ಬಿಳಿ, ಮ ಪ ಎರಡೂ ಕಪ್ಪು, ದ ನಿ ಬಿಳಿ. ಮಧ್ಯಮಕ್ಕೆ ಹೆಬ್ಬೆರಳು ಹಾಕಿದರೆ ಗಿಡ್ಡ ಬೆರಳು ಕಪ್ಪು ಮನೆ ಹತ್ತಬೇಕು, ಇಡೀ ಕೈ ಒಳಕ್ಕೆ ನುಗ್ಗುತ್ತದೆ. ಬದಲಿಗೆ 2, 3ರಲ್ಲಿ ಸ ರಿ, ಗಾಂಧಾರಕ್ಕೆ ಹೆಬ್ಬೆರಳು, ಮ ಪ ದ 2, 3, 4, ನಿಷಾದಕ್ಕೆ ಮತ್ತೆ ಹೆಬ್ಬೆರಳು, ಮೇಲಿನ ಷಡ್ಜಕ್ಕೆ 2. ಬೆರಳು ಸ್ವರಕ್ಕೆ ಕಟ್ಟಿದ್ದಲ್ಲ, ಮನೆಗಳ ಏರಿಳಿತಕ್ಕೆ ಕಟ್ಟಿದ್ದು. ಶ್ರುತಿ ಬದಲಾದ ಕ್ಷಣ ಮೊದಲು ಕೇಳಿಕೊಳ್ಳಬೇಕಾದ್ದು, ಹೆಬ್ಬೆರಳಿಗೆ ಬಿಳಿ ಮನೆ ಎಲ್ಲಿ ಸಿಗುತ್ತದೆ ಅಂತ.

ಶೋಪಾನ್ ತಮ್ಮ ಶಿಷ್ಯರಿಗೆ ಬರೀ ಬಿಳಿ ಮನೆಗಳ ಸ್ಥಾಯಿಯನ್ನು ಮೊದಲು ಕೊಡುತ್ತಿರಲಿಲ್ಲ. ನಮ್ಮ ಲೆಕ್ಕದಲ್ಲಿ ಬಿಳಿ 7 ಷಡ್ಜವಾದ ಶಂಕರಾಭರಣದಿಂದ ಶುರು ಮಾಡಿಸುತ್ತಿದ್ದರು. ಅಲ್ಲಿ ಉದ್ದ ಬೆರಳುಗಳು ಕಪ್ಪಿನ ಮೇಲೆ, ಹೆಬ್ಬೆರಳು ಬಿಳಿಯ ಮೇಲೆ ತಾವಾಗಿ ಕೂರುತ್ತವೆ. ಓದಲು ಸುಲಭವಾದದ್ದು ಕೈಗೆ ಸುಲಭವಲ್ಲ ಎಂಬುದು ಅವರಿಗೆ ಗೊತ್ತಿತ್ತು. ನಮ್ಮ ಮಕ್ಕಳಿಗೂ ಹೀಗೇ ಕಲಿಸಬೇಕೆಂದು ನನ್ನ ಬಲವಾದ ನಂಬಿಕೆ.

ಇನ್ನು ಒತ್ತಡ. ಹಾರ್ಮೋನಿಯಂನಲ್ಲಿ ನಾದ ಹೆಚ್ಚು ಕಡಿಮೆ ಮಾಡುವುದು ತಿದಿಯ ಗಾಳಿ, ಬೆರಳಲ್ಲ. ಪಿಯಾನೊದಲ್ಲಿ ಹೊಡೆತದ ವೇಗಕ್ಕೆ ಬೆಲೆಯುಂಟು, ಆದರೆ ಸುತ್ತಿಗೆ ತಂತಿಗೆ ಬಡಿದ ಮೇಲೆ ಎಷ್ಟು ಅದುಮಿದರೂ ನಾದ ಬೆಳೆಯದು. ಮಚ್ಚಿನಿಂದ ಚಿಪ್ಪು ಬಿಡಿಸಿ ಉಂಡೆ ಕೊಬ್ಬರಿಗೆ ಗಾಯವಾಗದಂತೆ ತೆಗೆಯುವವರ ಮಣಿಕಟ್ಟು ನೋಡಿದ್ದೀರಲ್ಲ, ಅಷ್ಟು ಹಗುರ ಸಾಕು.

ಕಾಲು ಹಾರ್ಮೋನಿಯಂ ನುಡಿಸುವವರಿಗೆ ಎಡಗೈಯೂ ಬಿಡುವಾಗಿರುತ್ತದೆ. ಬಿಳಿ 1ರ ಸರಳೆಗೆ ಅಲ್ಲಿ 5, 4, 3, 2, 1 ಪಂಚಮದವರೆಗೆ, ನಡುಬೆರಳು ದಾಟಿ ಧೈವತ, ನಿಷಾದಕ್ಕೆ 2, ಷಡ್ಜಕ್ಕೆ 1. ಬಲಗೈ ತಿರುಗುವ ಜಾಗವೇ ಬೇರೆ, ಎಡಗೈಯದೇ ಬೇರೆ. ಅದಕ್ಕೇ ಎರಡನ್ನೂ ಬೇರೆಬೇರೆ ಪಳಗಿಸಿ, ಆಮೇಲೆ ಕೂಡಿಸಿ. ಪೆಟ್ಟಿಗೆ ಇಲ್ಲೇ ಇದೆ, ನಾಟಕದಲ್ಲಿ ಪಾತ್ರ ಮಾಡುವವರು ಒಬ್ಬೊಬ್ಬರೇ ನಿಮ್ಮ ಶ್ರುತಿ ಹೇಳಿ, ಬೆರಳು ಎಲ್ಲೆಲ್ಲಿ ದಾಟುತ್ತದೆಂದು ನುಡಿಸಿ ನೋಡೋಣ.