ಮಗುವಿನ ಶಾಲೆಯ ಒಂದು ವರ್ಷ: ತಾಯಿತಂದೆಗಳು ನಿರೀಕ್ಷಿಸತಕ್ಕದ್ದೇನು?

(ಶಾಂತಿಗ್ರಾಮದಲ್ಲಿ ಕೂಡಿದ ಪಾಲಕರ ಸಭೆಯಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ಶಾಂತಲಾದೇವಿಯಿಂದ ತನ್ನ ಹೆಸರನ್ನು ಪಡೆಯಿತೆಂದು ಜನರು ಹೇಳುವ ಈ ಊರಿನಲ್ಲಿ ನಿಂತು ಮಾತನಾಡುವವನಿಗೆ ಹೊಯ್ಸಳರ ವೈಭವವನ್ನು ಬಣ್ಣಿಸಬೇಕೆಂಬ ಆಸೆಯು ಸಹಜವಾಗಿಯೇ ಹುಟ್ಟುವುದು. ನರಸಿಂಹಸ್ವಾಮಿಯ ಗುಡಿಯನ್ನು ಹೊಗಳಿ, ನಿಮ್ಮ ಚಪ್ಪಾಳೆಯನ್ನು ಪಡೆದು, ಹಾಸನದ ಬಸ್ಸನ್ನು ಹತ್ತುವುದು ನನಗೇನೂ ಕಷ್ಟವಲ್ಲ. ಆದರೆ ಸಭೆಯನ್ನು ಕೂಡಿಸಿದವರು ನನಗೆ ಒಪ್ಪಿಸಿದ ವಿಷಯ ಬೇರೆ. ಮಗುವನ್ನು ಪ್ರಾಥಮಿಕ ಶಾಲೆಗೆ ಸೇರಿಸಿದ ತಾಯಿತಂದೆಗಳು ಒಂದು ವರ್ಷದೊಳಗೆ ಆ ತರಗತಿಯಿಂದ ಏನನ್ನು ನಿರೀಕ್ಷಿಸಬೇಕು, ತಾವು ಏನನ್ನು ಮಾಡಬೇಕು ಎಂಬುದೇ ಆ ವಿಷಯ. ನಾನು ಉಪಾಧ್ಯಾಯನಲ್ಲ, ವಕೀಲ. ಆದಕಾರಣ ನನ್ನ ವೃತ್ತಿಯಲ್ಲಿ ಕಂಡ ಒಂದು ಸಂಗತಿಯಿಂದಲೇ ಆರಂಭಿಸುತ್ತೇನೆ.

ಕೆಲವು ಕಾಲದ ಹಿಂದೆ ವೃದ್ಧ ಕಕ್ಷಿದಾರರೊಬ್ಬರು ಒಂದು ವಿಭಾಗಪತ್ರವನ್ನು ಹಿಡಿದು ನನ್ನಲ್ಲಿಗೆ ಬಂದರು. ಪತ್ರದ ಕೆಳಗೆ ಅವರ ರುಜು ಇತ್ತು. ರುಜು ಮುದ್ದಾಗಿಯೂ ಇತ್ತು. ಅವರು ನಾಲ್ಕು ವರ್ಷ ಶಾಲೆಗೆ ಹೋದವರು. ವರ್ಣಮಾಲೆಯನ್ನು ಒಂದೇ ಉಸಿರಿನಲ್ಲಿ ಒಪ್ಪಿಸಬಲ್ಲರು. ಇಪ್ಪತ್ತರವರೆಗೆ ಮಗ್ಗಿಯನ್ನು ಹೇಳಬಲ್ಲರು. ಆದರೆ ಬಾವಿಯ ನೀರಿನ ಪಾಲು ಅಣ್ಣನಿಗೆ ಸೇರಿತೆಂದು ಬರೆದಿದ್ದ ಸಾಲನ್ನು ಅವರಿಂದ ಓದಲಾಗಲಿಲ್ಲ. ಓದದೆ ರುಜು ಹಾಕಿದ್ದರ ಫಲವನ್ನು ಅವರ ಮನೆಯವರು ಇಂದಿಗೂ ಅನುಭವಿಸುತ್ತಿದ್ದಾರೆ. ನಾಲ್ಕು ವರ್ಷದ ಶಾಲೆಯು ಅವರಿಗೆ ಕಂಠಪಾಠವನ್ನು ಕೊಟ್ಟಿತು, ಓದನ್ನು ಕೊಡಲಿಲ್ಲ. ಇದು ಅವರ ಮನೆಗೆ ತಿಳಿಯಲೂ ಇಲ್ಲ. ಏಕೆಂದರೆ ಮನೆಯವರು ಕೇಳುತ್ತಿದ್ದುದು ಕಂಠಪಾಠವನ್ನೇ.

ಇದಾದ ಕೆಲವು ದಿನಗಳಲ್ಲಿಯೇ ಈ ಸೀಮೆಯ ತರುಣ ಗೃಹಸ್ಥರೊಬ್ಬರು ಬೇರೊಂದು ಕೆಲಸಕ್ಕಾಗಿ ಮಗಳೊಡನೆ ಬಂದಿದ್ದರು. ಮಾತಿನ ನಡುವೆ, "ಸ್ವಾಮಿ, ಇವಳನ್ನು ಸರ್ಕಾರಿ ಶಾಲೆಗೆ ಸೇರಿಸಿ ಮೂರು ತಿಂಗಳಾಯಿತು. ಅ ಆ ಇ ಈ ಹೇಳು ಎಂದರೆ ಬಾಯಿ ಬಿಡುವುದಿಲ್ಲ. ಅಲ್ಲಿ ಬರೀ ಹಾಡು, ಆಟ, ಚಿತ್ರದ ಕಾರ್ಡು. ಶಾಲೆಯನ್ನು ಬಿಡಿಸಿಬಿಡುವುದೆಂದು ಗೊತ್ತುಮಾಡಿದ್ದೇನೆ" ಎಂದರು. ನಾನು ಒಂದು ಕಾಗದದ ಮೇಲೆ 'ಗರಗಸ' ಎಂದು ಬರೆದು ಮಗುವಿನ ಮುಂದಿಟ್ಟೆ. ಓದಿತು. 'ಅರಸ' ಎಂದು ಬರೆದೆ, ಅದನ್ನೂ ಓದಿತು. ಅವೇ ಅಕ್ಷರಗಳನ್ನು ನಾನೇ ಹೊಂದಿಸಿ 'ಅಗಸ' ಎಂದು ಬರೆದೆ. ಮಗು ಕ್ಷಣಕಾಲ ತಡೆದು, ಒಂದೊಂದನ್ನೂ ಬೆರಳಿನಿಂದ ಮುಟ್ಟಿ, ಅದನ್ನೂ ಓದಿತು. ತಂದೆ ಬೆರಗಾದರು. ಅವರ ಮಗಳು ಓದಲು ಕಲಿಯುತ್ತಿದ್ದಳು. ಅವರ ಕೈಯಲ್ಲಿದ್ದ ಅಳತೆಗೋಲು ಮಾತ್ರ ಹಳೆಯದಾಗಿತ್ತು.

ಮಹನೀಯರೇ, ಈ ದಿನ ನಾನು ಹೇಳಬೇಕಾದ ಮಾತೆಲ್ಲವೂ ಈ ಎರಡು ಸಂಗತಿಗಳಲ್ಲಿಯೇ ಅಡಗಿದೆ. ಮಗುವು ಎಷ್ಟನ್ನು ಒಪ್ಪಿಸಿತು ಎಂದು ಕೇಳಬೇಡಿರಿ. ಮೊದಲು ಕಾಣದ ಪದವನ್ನು ತಾನಾಗಿ ಓದಿತೇ ಎಂದು ನೋಡಿರಿ.

ಆ ಮಗುವು ಕಲಿಯುತ್ತಿದ್ದ ಕ್ರಮಕ್ಕೆ 'ನಲಿಕಲಿ' ಎಂದು ಹೆಸರು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ಸಂಸ್ಥೆಯ ನೆರವಿನಿಂದ ಇದು ಮೊದಲಾಯಿತು. ಆಂಧ್ರದ ರಿಷಿವ್ಯಾಲಿಯ ಗ್ರಾಮಶಾಲೆಗಳಲ್ಲಿ ನಡೆಯುತ್ತಿದ್ದ ಬೋಧನೆಯಿಂದ ಸ್ಫೂರ್ತಿ ಪಡೆದು, ನಮ್ಮ ಸರ್ಕಾರಿ ಶಾಲೆಗಳ ಉಪಾಧ್ಯಾಯರೇ ಕನ್ನಡಕ್ಕೆ ಒಗ್ಗುವ ಕಾರ್ಡುಗಳನ್ನೂ ಹಾಡುಗಳನ್ನೂ ಸಿದ್ಧಪಡಿಸಿದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳತರಗತಿಗಳಿಗೆಲ್ಲ ಹರಡಿತು. ಇದರಲ್ಲಿ ಕಲಿಯಬೇಕಾದುದನ್ನು ಮೈಲಿಗಲ್ಲುಗಳಾಗಿ ವಿಂಗಡಿಸಿ, ಮೆಟ್ಟಿಲಿನಂತೆ ಜೋಡಿಸಿರುತ್ತಾರೆ. ಒಂದು ಮೆಟ್ಟಿಲನ್ನು ಹತ್ತಿದ ಮಗುವು ಮುಂದಿನದಕ್ಕೆ ಹೋಗುವುದು. ಹತ್ತದ ಮಗುವು ಮತ್ತೆ ಅಭ್ಯಾಸಮಾಡುವುದು. ಜ್ವರ ಬಂದು ಒಂದು ವಾರ ಮಲಗಿದ ಮಗುವು ತಾನು ಬಿಟ್ಟ ಮೆಟ್ಟಿಲಿನಿಂದಲೇ ಪುನಃ ಆರಂಭಿಸಬಹುದು.

ಇಲ್ಲಿ ಅಕ್ಷರಗಳ ಕ್ರಮವೂ ಬೇರೆ. ಮೊದಲು ರ, ಗ, ಸ, ದ, ಅ. ಬಳಿಕ ಜ, ವ, ಮ, ಬ, ನ. ಐದು ಅಕ್ಷರಗಳು ಕೈಗೆ ಬಂದೊಡನೆಯೇ ಸರ, ಅರಸ, ಗರಗಸ ಎಂಬ ಪದಗಳು ಹುಟ್ಟುವುವು. ಐವತ್ತು ಅಕ್ಷರಗಳು ಮುಗಿಯುವವರೆಗೆ ಕಾಯದೆ, ಮೊದಲ ವಾರಗಳಲ್ಲಿಯೇ ಓದಿನ ರುಚಿಯು ಮಗುವಿಗೆ ಹತ್ತುವುದು. ನಮ್ಮ ಹಿರಿಯರು ಕೂಲಿಮಠದ ಮರಳಿನ ಮೇಲೆ ಬೆರಳು ಸವೆಯಿಸಿ ಅಕ್ಷರ ತಿದ್ದಿದವರು. ಆ ಶ್ರಮಕ್ಕೆ ನಾನು ತಲೆಬಾಗುತ್ತೇನೆ. ಆದರೆ ಅಜ್ಜನು ನಡೆದ ದಾರಿಯಲ್ಲಿಯೇ ಮೊಮ್ಮಗನೂ ನಡೆಯಬೇಕೆಂಬ ನಿಯಮವಿಲ್ಲ. ಊರು ಮುಟ್ಟಿದರೆ ಸಾಕು.

ನೀವು ತರಗತಿಯೊಳಕ್ಕೆ ಕಾಲಿಟ್ಟರೆ ಇನ್ನೂ ಕೆಲವು ಸಂಗತಿಗಳು ನಿಮ್ಮನ್ನು ಗಾಬರಿಗೊಳಿಸಬಹುದು. ಒಂದೇ ಕೋಣೆಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಕೂಡಿ ಕುಳಿತಿರುವರು. ಉಪಾಧ್ಯಾಯಿನಿಯು ನೆಲದ ಮೇಲೆ ಒಂದು ಗುಂಪಿನೊಡನೆ ಇದ್ದರೆ, ಮತ್ತೊಂದು ಗುಂಪಿನಲ್ಲಿ ಮಕ್ಕಳು ತಮ್ಮ ತಮ್ಮಲ್ಲಿಯೇ ಕಲಿಯುತ್ತಿರುವರು. ಮೂಲೆಯಲ್ಲೊಬ್ಬನು ತಾನೊಬ್ಬನೇ ಬರೆಯುತ್ತಿರುವನು. ಗೋಡೆಯ ತಳದಲ್ಲಿ ಮಕ್ಕಳ ಎತ್ತರಕ್ಕೆ ಕಪ್ಪುಹಲಗೆ ಇರುವುದು. ಮೇಲೆ ಕಟ್ಟಿದ ಚಪ್ಪರದಿಂದ ಅವರು ಬರೆದ ಚಿತ್ರಗಳು ತೂಗಾಡುವುವು. ಇದು ಗದ್ದಲವಲ್ಲ, ಗುಂಪುಗಳ ವ್ಯವಸ್ಥೆಯೇ ಹೀಗೆ. ತಿಳಿದ ಮಗುವು ತಿಳಿಯದ ಮಗುವಿಗೆ ಹೇಳಿಕೊಡುವಾಗ ಇಬ್ಬರಿಗೂ ಪಾಠವಾಗುವುದೆಂಬುದು ಈ ಕ್ರಮದ ನಂಬಿಕೆ.

ಇನ್ನು ವರ್ಷದ ಲೆಕ್ಕಕ್ಕೆ ಬರೋಣ. ಮೇ ತಿಂಗಳ ಕೊನೆಯಲ್ಲಿ ಶಾಲೆಯು ತೆರೆಯುವಾಗ ನಮ್ಮ ಹೊಲಗಳಲ್ಲಿ ಆಲೂಗಡ್ಡೆಯ ಬಿತ್ತನೆ ನಡೆದಿರುತ್ತದೆ. ಬಿತ್ತಿದ ಮರುದಿನವೇ ಮಣ್ಣನ್ನು ಕೆದಕಿ ಗೆಡ್ಡೆಯನ್ನು ನೋಡುವ ರೈತನು ಈ ಹೋಬಳಿಯಲ್ಲಿ ಇಲ್ಲ. ಮೊದಲ ತರಗತಿಯ ಮಗುವಿನ ವಿಷಯದಲ್ಲಿಯೂ ಆ ತಾಳ್ಮೆ ಇರಲಿ. ಮೊದಲ ವಾರಗಳಲ್ಲಿ ಮಗುವು ಮನೆಯನ್ನು ಬಿಟ್ಟಿರಲು, ಹೇಳಿದ್ದನ್ನು ಕೇಳಲು, ಸರದಿಗಾಗಿ ಕಾಯಲು ಕಲಿಯುವುದು. ದಸರಾ ರಜೆಯ ಹೊತ್ತಿಗೆ ಹಲವು ಅಕ್ಷರಗಳನ್ನು ಗುರುತಿಸಿ ಚಿಕ್ಕ ಪದಗಳನ್ನು ಓದಬೇಕು. ಆ ಬಳಿಕ ಕಾಗುಣಿತ, ಅದರ ಹಿಂದೆ ಒತ್ತಕ್ಷರ. 2021ರಲ್ಲಿ ಆರಂಭವಾದ 'ನಿಪುಣ್ ಭಾರತ್' ಎಂಬ ರಾಷ್ಟ್ರೀಯ ಕಾರ್ಯಕ್ರಮವು ಗುರಿಯನ್ನು ಸ್ಪಷ್ಟವಾಗಿ ಹೇಳಿದೆ. ಒಂದನೆಯ ತರಗತಿಯ ಕೊನೆಗೆ ಮಗುವು ನಾಲ್ಕೈದು ಸರಳ ಪದಗಳಿರುವ ವಾಕ್ಯವನ್ನು ಅರ್ಥ ತಿಳಿದು ಓದಬೇಕು. 99ರವರೆಗೆ ಸಂಖ್ಯೆಗಳನ್ನು ಓದಿ ಬರೆಯಬೇಕು. ಎರಡನೆಯ ತರಗತಿಗೆ ಸಂಖ್ಯೆಯು 999ಕ್ಕೆ, ಮೂರನೆಯದಕ್ಕೆ 9999ಕ್ಕೆ ಏರುವುದು. ಮೂರನೆಯ ತರಗತಿಯ ಕೊನೆಗೆ ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಅರ್ಥಸಹಿತವಾಗಿ ಓದಬೇಕು.

ಈ ಮೂರನೆಯ ತರಗತಿಯ ಗಡಿಯನ್ನು ದಯವಿಟ್ಟು ನೆನಪಿನಲ್ಲಿಡಿರಿ. ಅಲ್ಲಿಯವರೆಗೆ ಮಗುವು ಓದುವುದನ್ನು ಕಲಿಯುತ್ತದೆ. ಅಲ್ಲಿಂದ ಮುಂದೆ ಓದಿ ಕಲಿಯಬೇಕಾಗುತ್ತದೆ. ಓದು ಬಾರದೆ ನಾಲ್ಕನೆಯ ತರಗತಿಗೆ ಹೋದ ಮಗುವಿಗೆ ಗಣಿತದ ಪುಸ್ತಕವೂ ಮುಚ್ಚಿದ ಬಾಗಿಲೇ, ಪರಿಸರದ ಪುಸ್ತಕವೂ ಮುಚ್ಚಿದ ಬಾಗಿಲೇ. ಆ ವೃದ್ಧ ಕಕ್ಷಿದಾರರು ಆ ಬಾಗಿಲ ಮುಂದೆಯೇ ನಿಂತುಹೋದವರು.

ಪರೀಕ್ಷೆಯ ವಿಷಯದಲ್ಲಿ ಒಂದು ಮಾತು. ನಮ್ಮ ಶಾಲೆಗಳಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳು ಎಂಬ ಕ್ರಮವಿದೆ. ಹೆಸರು ಕಠಿಣವಾದರೂ ತಾತ್ಪರ್ಯ ಸುಲಭ: ಮೊದಲನೆಯದು ಬೆಳೆಯ ನಡುವೆ ಹೊಲವನ್ನು ನೋಡಿ ಬರುವುದು, ಎರಡನೆಯದು ಕಣದಲ್ಲಿ ಅಳೆಯುವುದು. ಕಣದ ದಿನ ಮಾತ್ರ ಎಚ್ಚರವಾಗುವ ರೈತನು ಕೆಡುವನು. 'ಸಮುದಾಯದತ್ತ ಶಾಲೆ' ಎಂಬ ದಿನ ಶಾಲೆಯವರು ಕರೆದಾಗ ಹೋಗಿರಿ. ಅಂಕವನ್ನು ಕೇಳಿ ಹಿಂದಿರುಗಬೇಡಿರಿ. ಮಗುವಿನ ಬರೆವಣಿಗೆಯನ್ನು ತೆರೆದು ನೋಡಿರಿ.

ಈಗ ಕಾಯಿದೆಯ ಮಾತು. 1913ರಲ್ಲಿಯೇ ಮೈಸೂರು ಸಂಸ್ಥಾನವು, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಪ್ರಾಥಮಿಕ ಶಿಕ್ಷಣದ ಕಡ್ಡಾಯಕ್ಕೆ ಶಾಸನವನ್ನು ಮಾಡಿತ್ತು. ಅಂದು ನೆಟ್ಟ ಸಸಿಯು ಇಡೀ ದೇಶದ ಮರವಾಗಲು ಬಹುಕಾಲ ಹಿಡಿಯಿತು. 2009ರ ಶಿಕ್ಷಣ ಹಕ್ಕು ಕಾಯಿದೆಯು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 24ನೆಯ ಪ್ರಕರಣದಂತೆ, ಉಪಾಧ್ಯಾಯರು ಪಾಲಕರೊಡನೆ ನಿಯತವಾಗಿ ಸಭೆ ಸೇರಿ ಮಗುವಿನ ಹಾಜರಾತಿ, ಕಲಿಕೆಯ ಸಾಮರ್ಥ್ಯ, ಪ್ರಗತಿಗಳನ್ನು ತಿಳಿಸತಕ್ಕದ್ದು. ನೀವು ಹೋಗಿ ಕೇಳಿದರೆ ಅದು ಅಧಿಕಪ್ರಸಂಗವಲ್ಲ, ನಿಮ್ಮ ಹಕ್ಕು. 17ನೆಯ ಪ್ರಕರಣವು ಮಗುವನ್ನು ಹೊಡೆಯುವುದನ್ನೂ ಮನನೋಯಿಸುವುದನ್ನೂ ನಿಷೇಧಿಸಿದೆ. "ನಾಲ್ಕು ಬಾರಿಸಿ ಬುದ್ಧಿ ಕಲಿಸಿರಿ" ಎಂದು ಉಪಾಧ್ಯಾಯರಿಗೆ ಹೇಳುವ ತಂದೆಯು ಕಾಯಿದೆಯನ್ನು ಮುರಿಯಲು ಹೇಳುತ್ತಿದ್ದಾನೆ. 21ನೆಯ ಪ್ರಕರಣದಂತೆ ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಸ್ತ್ರೀಯರಿರಬೇಕು. ಉಪಾಧ್ಯಾಯರ ಸ್ಥಾನವು ಖಾಲಿ ಬಿದ್ದಿದ್ದರೆ, ಅವರನ್ನು ಬೇರೆ ಕೆಲಸಗಳಿಗೆ ಎಳೆಯುತ್ತಿದ್ದರೆ, ಕೇಳತಕ್ಕ ಸ್ಥಳ ಆ ಸಮಿತಿ. ಒಬ್ಬರೇ ಉಪಾಧ್ಯಾಯರಿಗೆ ಎಲ್ಲ ತರಗತಿಗಳನ್ನೂ ಹೊರಿಸಿದರೆ ಯಾವ ಉತ್ತಮ ಕ್ರಮವೂ ಫಲಿಸದು. ಅರುವತ್ತು ಮಕ್ಕಳವರೆಗೂ ಇಬ್ಬರು ಉಪಾಧ್ಯಾಯರಿರಬೇಕೆಂದು ಅದೇ ಕಾಯಿದೆಯ ಅನುಸೂಚಿಯು ವಿಧಿಸಿದೆ.

ಹಕ್ಕನ್ನು ಹೇಳಿದ ವಕೀಲನು ಕರ್ತವ್ಯವನ್ನು ಮರೆಮಾಚಬಾರದು. ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಶಿಕ್ಷಣದ ಅವಕಾಶವನ್ನು ಒದಗಿಸುವುದು ತಾಯಿತಂದೆಗಳ ಮೂಲಭೂತ ಕರ್ತವ್ಯವೆಂದು ಸಂವಿಧಾನದ 51ಎ ವಿಧಿಯು ಹೇಳುತ್ತದೆ. ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆಯ ಪಾಠವೆಂದು ಕಾಯಿದೆಯ ಅಳತೆ. ಆಲೂಗಡ್ಡೆ ಕೀಳುವಾಗ ಹತ್ತು ದಿನ, ರಾಗಿಯ ಕೊಯ್ಲಿಗೆ ಎಂಟು ದಿನ, ಮದುವೆ ಜಾತ್ರೆಗಳಿಗೆ ಏಳು ದಿನ ಮಗುವನ್ನು ಬಿಡಿಸಿಕೊಂಡರೆ ಇಪ್ಪತ್ತೈದು ದಿನ. ಎಂಟರಲ್ಲಿ ಒಂದು ಪಾಲು ವರ್ಷವು ಹೋಯಿತು. ಎಂಟು ಎಕರೆಯಲ್ಲಿ ಒಂದು ಎಕರೆಯನ್ನು ಯಾರಾದರೂ ಒತ್ತುವರಿ ಮಾಡಿದರೆ ನೀವು ಅದೇ ದಿನ ನನ್ನಲ್ಲಿಗೆ ಓಡಿಬರುವಿರಿ. ಮಗುವಿನ ವರ್ಷದ ಒತ್ತುವರಿಗೆ ದಾವೆ ಹೂಡುವವರು ಯಾರು?

ಕೊನೆಗೆ ಭಾಷೆಯ ವಿಷಯ. ಇಂಗ್ಲಿಷಿನ ಆಸೆಯಿಂದ ಮಗುವನ್ನು ದೂರದ ಶಾಲೆಯ ವಾಹನಕ್ಕೆ ಹತ್ತಿಸುವವರನ್ನು ನಾನು ಹಳಿಯುವುದಿಲ್ಲ. ಆ ಆಸೆಯ ಹಿಂದೆ ಹೊಟ್ಟೆಯ ಚಿಂತೆ ಇದೆ. ಮಾಧ್ಯಮದ ಆಯ್ಕೆಯನ್ನು ಸರ್ಕಾರವು ಬಲವಂತವಾಗಿ ವಿಧಿಸಲಾಗದೆಂದು 2014ರ ಮೇ 6ರಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಆಯ್ಕೆಯು ನಿಮ್ಮದಾದ ಮೇಲೆ ವಿವೇಚನೆಯೂ ನಿಮ್ಮದೇ ಆಗಬೇಕು. ಸರ್ಕಾರಿ ಕನ್ನಡ ಶಾಲೆಗಳಲ್ಲಿ ಇಂಗ್ಲಿಷನ್ನು ಒಂದು ಭಾಷೆಯಾಗಿ ಒಂದನೆಯ ತರಗತಿಯಿಂದಲೇ ಕಲಿಸುವ ಕ್ರಮವು 2007ರಿಂದ ಬಂದಿದೆ. 1937ರಲ್ಲಿ ವಾರ್ಧಾದಲ್ಲಿ ಕೂಡಿದ ಶಿಕ್ಷಣ ಪರಿಷತ್ತು, ಗಾಂಧೀಜಿಯವರ ಮುಂದಾಳ್ತನದಲ್ಲಿ, ಮಾತೃಭಾಷೆಯಲ್ಲಿಯೇ ಬೋಧನೆಯಾಗಬೇಕೆಂದು ನಿಶ್ಚಯಿಸಿದುದಕ್ಕೆ ಕಾರಣವಿತ್ತು. ಮಗುವು 'ಸರ' ಎಂದು ಓದಿದ ಕೂಡಲೇ ಅದಕ್ಕೆ ತಾಯಿಯ ಕೊರಳು ಕಾಣುವುದು. ಅರ್ಥವು ಹೀಗೆ ಒಡನೆಯೇ ಹೊಳೆಯುವ ಭಾಷೆಯಲ್ಲಿ ಓದಲು ಕಲಿತ ಮಗುವು ಎರಡನೆಯ ಭಾಷೆಯನ್ನೂ ಗಟ್ಟಿಯಾಗಿ ಹಿಡಿಯುವುದು.

ಮನೆಯಲ್ಲಿ ಮಾಡತಕ್ಕದ್ದು ಬಹಳವಿಲ್ಲ. ರಾತ್ರಿ ಕಾಲುಗಂಟೆ ಟೆಲಿವಿಷನ್ನನ್ನೂ ಮೊಬೈಲನ್ನೂ ಮುಚ್ಚಿರಿ. "ಇಂದು ಯಾವ ಕಾರ್ಡು ಮಾಡಿದೆ?" ಎಂದು ಕೇಳಿರಿ. ನಿಮಗೆ ಓದು ಬಾರದಿದ್ದರೂ ಚಿಂತೆಯಿಲ್ಲ. ಮಗುವು ಓದುವಾಗ ಕಿವಿಗೊಟ್ಟು ಕುಳಿತರೆ ಸಾಕು. ತಪ್ಪಿದರೆ ಗದರಿಸಬೇಡಿರಿ.

ಪರೀಕ್ಷಿಸಲೇಬೇಕೆಂದಿದ್ದರೆ ನಿಮ್ಮ ಊರಿನ ಹೆಸರಿನ ಹಲಗೆಯ ಮುಂದೆ ಮಗುವನ್ನು ನಿಲ್ಲಿಸಿರಿ. 'ಶಾಂತಿಗ್ರಾಮ' ಎಂಬುದು ನಾಲ್ಕೇ ಅಕ್ಷರ. ಅದರಲ್ಲಿ ದೀರ್ಘವಿದೆ, ಸೊನ್ನೆಯಿದೆ, ಗುಡಿಸಿದೆ, ಒತ್ತಕ್ಷರವಿದೆ. ಶಾಲೆಗೆ ಸೇರಿದ ಕೆಲವೇ ವಾರಗಳಲ್ಲಿ ಮಗುವು ಕೊನೆಯ 'ಮ'ವನ್ನು ಗುರುತಿಸಿ ಕುಣಿಯಬಹುದು. ತಿಂಗಳುಗಳು ಕಳೆದಂತೆ 'ಶಾಂತಿ'ಯವರೆಗೆ ಬರುವುದು. ಒಂದು ದಿನ, ಯಾರೂ ಹೇಳಿಕೊಡದೆ, ಇಡೀ ಹೆಸರನ್ನು ಓದಿ ನಿಮ್ಮ ಮುಖವನ್ನು ನೋಡುವುದು. ಆ ದಿನ ನೀವು ಆ ಹಲಗೆಯ ಹತ್ತಿರ ಇರಬೇಕೆಂಬುದೇ ನನ್ನ ಪ್ರಾರ್ಥನೆ.