ತಾಳೆ ನೋಡಿ, ಆಮೇಲೆ ಹಾರಿ

(ಸುವರ್ಣ ಮಹೋತ್ಸವದ ಎರಡನೇ ದಿನ, ಹಿರಿಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ಫೋನ್ ಮಾಡಿ, "ನೀವು ಅಮೆರಿಕದಲ್ಲಿ ವಿಮಾನದಿಂದ ಹಾರ್ತೀರಂತಲ್ಲ, ಅದರ ಬಗ್ಗೆಯೇ ಮಾತಾಡಿ, ಮಕ್ಕಳಿಗೆ ಸ್ವಲ್ಪ ಧೈರ್ಯ ಬರಲಿ" ಎಂದರು. ಹಾರುವುದು ನಿಜ. ಆದರೆ ಧೈರ್ಯದ ಬಗ್ಗೆ ಮಾತಾಡಲು ನಾನು ತಕ್ಕವನಲ್ಲ. ಇದೇ ಶಾಲೆಗೆ ಬರುವ ದಾರಿಯಲ್ಲಿ ಮಳೆಗಾಲದ ಹಳ್ಳದ ಸಂಕ ದಾಟಲು ಅಳುತ್ತಿದ್ದವನು ನಾನು. ಅದಕ್ಕೆ ಸಾಕ್ಷಿಗಳು ಮೂರನೇ ಸಾಲಿನಲ್ಲಿ ಕುಳಿತು ಈಗಲೂ ನಗುತ್ತಿದ್ದಾರೆ.

ನಾನು ಓದಿದ್ದು ಎಂಜಿನಿಯರಿಂಗ್, ಹೊಟ್ಟೆಪಾಡು ಸಾಫ್ಟ್‌ವೇರ್. ಕೆಲಸದ ಮೇಲೆ ಫ್ಲಾರಿಡಾಕ್ಕೆ ಹೋದೆ. ಅಲ್ಲಿ ಭೂಮಿ ಸಪಾಟು, ಆಕಾಶ ವಿಶಾಲ, ಸ್ಕೈಡೈವಿಂಗ್ ಕ್ರೀಡಾಂಗಣಗಳು ಬೇಕಾದಷ್ಟು. ಸಹೋದ್ಯೋಗಿಗಳ ಒತ್ತಾಯಕ್ಕೆ ಒಂದು ಸಲ ಹಾರಿದೆ. ಆಮೇಲೆ ಬಿಡಲಾಗಲಿಲ್ಲ. ಈಗ ವಾರದ ಐದು ದಿನ ಕಂಪ್ಯೂಟರು, ಎರಡು ದಿನ ಹೊಸಬರನ್ನು ಎದೆಗೆ ಕಟ್ಟಿಕೊಂಡು ಹಾರುವ ಕೆಲಸ. ಅದಕ್ಕೆ ಟ್ಯಾಂಡೆಮ್ ಜಿಗಿತ ಎನ್ನುತ್ತಾರೆ. ಒಂದೇ ಪ್ಯಾರಾಚೂಟ್, ಇಬ್ಬರು ಮನುಷ್ಯರು. ಹಿಂದೆ ಇರುವವನು ಬೋಧಕ, ಮುಂದೆ ಇರುವವರು ಜೀವನದಲ್ಲಿ ಮೊದಲ ಸಲ ಹಾರುತ್ತಿರುವವರು.

ಈ ಪದ್ಧತಿ ಬಂದದ್ದು 1980ರ ದಶಕದ ಮೊದಲರ್ಧದಲ್ಲಿ. ಅಮೆರಿಕದ ಬಿಲ್ ಬೂತ್ ಮತ್ತು ಟೆಡ್ ಸ್ಟ್ರಾಂಗ್ ಎಂಬಿಬ್ಬರು ಇದನ್ನು ರೂಪಿಸಿದರು. ಅದಕ್ಕೆ ಮೊದಲು ಹೊಸಬರು ಮೊದಲ ದಿನವೇ ಒಬ್ಬರೇ ಹಾರಬೇಕಾಗಿತ್ತು. ಈಗ ಬೋಧಕನಾಗಬೇಕಾದರೆ ಅಲ್ಲಿನ ಸಂಘದ ನಿಯಮದ ಪ್ರಕಾರ ಮೂರು ವರ್ಷದ ಅನುಭವ ಮತ್ತು ಕನಿಷ್ಠ 500 ಜಿಗಿತ ಆಗಿರಬೇಕು. ಆಮೇಲೆ ಪ್ರತ್ಯೇಕ ತರಬೇತಿ, ಪರೀಕ್ಷೆ.

ಮಕ್ಕಳೇ, ಇಲ್ಲಿ ಒಂದು ಲೆಕ್ಕ ಮಾಡೋಣ. ವಿಮಾನ ನಮ್ಮನ್ನು ಸುಮಾರು 13,000 ಅಡಿಗೆ ಒಯ್ಯುತ್ತದೆ. ಹೊರಗೆ ಬಿದ್ದ ಮೇಲೆ ಮೊದಲ 1,000 ಅಡಿಗೆ ಸುಮಾರು 10 ಸೆಕೆಂಡು ಬೇಕು. ಆಮೇಲೆ ಗಾಳಿಯ ತಡೆಯೂ ನಮ್ಮ ತೂಕವೂ ಸಮವಾಗಿ ವೇಗ ಒಂದೇ ಆಗುತ್ತದೆ, ಗಂಟೆಗೆ ಸುಮಾರು 200 ಕಿಲೋಮೀಟರ್. ಆಗ ಪ್ರತಿ 1,000 ಅಡಿಗೆ ಐದೂವರೆ ಸೆಕೆಂಡು. 5,500 ಅಡಿಯಲ್ಲಿ ಪ್ಯಾರಾಚೂಟ್ ಬಿಚ್ಚಬೇಕು ಎಂದಾದರೆ ಎಷ್ಟು ಹೊತ್ತು ಬೀಳುತ್ತೇವೆ? ಸುಮಾರು 46 ಸೆಕೆಂಡು. ಬಿಚ್ಚದೇ ಇದ್ದರೆ ನೆಲಕ್ಕೆ ಇನ್ನೆಷ್ಟು ಹೊತ್ತು? 30 ಸೆಕೆಂಡು. ಏನಾದರೂ ತೊಂದರೆಯಾದರೆ ಅದನ್ನು ಗುರುತಿಸಿ, ಮುಖ್ಯ ಪ್ಯಾರಾಚೂಟನ್ನು ಕಳಚಿ, ಮೀಸಲು ಪ್ಯಾರಾಚೂಟ್ ತೆರೆಯುವುದೆಲ್ಲ ಅಷ್ಟರೊಳಗೇ ಮುಗಿಯಬೇಕು. ಅಲ್ಲಿ ಯೋಚನೆ ಮಾಡಲು ಪುರುಸೊತ್ತಿಲ್ಲ. ಯೋಚನೆಯನ್ನೆಲ್ಲ ನೆಲದ ಮೇಲೇ ಮಾಡಿ ಮುಗಿಸಿರಬೇಕು.

ಇಬ್ಬರ ತೂಕ ಸೇರಿದರೆ ಬೀಳುವ ವೇಗ 200 ದಾಟಿ ಎಷ್ಟೋ ಮುಂದೆ ಹೋಗುತ್ತದೆ. ಆ ವೇಗದಲ್ಲಿ ಪ್ಯಾರಾಚೂಟ್ ಬಿಚ್ಚಿದರೆ ಬಟ್ಟೆಗೂ ಕಷ್ಟ, ಬೆನ್ನಿಗೂ ಕಷ್ಟ. ಅದಕ್ಕೆ ಬೋಧಕ ಮೊದಲು ಡ್ರೋಗ್ ಎಂಬ ಪುಟ್ಟ ಪ್ಯಾರಾಚೂಟನ್ನು ಹಿಂದಕ್ಕೆ ಎಸೆಯುತ್ತಾನೆ. ಅದು ಇಬ್ಬರನ್ನೂ ಹಿಂದಿನಿಂದ ಹಿಡಿದೆಳೆದು ಒಬ್ಬನ ವೇಗಕ್ಕೆ ತರುತ್ತದೆ. ಎಸೆಯುವ ಮೊದಲು ಮೈ ಸ್ಥಿರವಾಗಿರಬೇಕು. ತಿರುಗುತ್ತಾ ಎಸೆದರೆ ಅದರ ಪಟ್ಟಿ ನಮಗೇ ಸುತ್ತಿಕೊಂಡೀತು. ಎಸೆದ ಮೇಲೆ ಎಲ್ಲ ಹಿಡಿಕೆಗಳನ್ನೂ ಒಂದೊಂದಾಗಿ ಮುಟ್ಟಿ ನೋಡಬೇಕು. ಸಾವಿರ ಸಲ ಹಾರಿದ್ದರೂ ಮುಟ್ಟಲೇಬೇಕು.

ಹೊಸಬರಿಗೆ ನಾನು ಹೇಳಿಕೊಡುವುದು ಮೂರೇ ಮಾತು. ಬಾಗಿಲಲ್ಲಿ ತಲೆ ಹಿಂದಕ್ಕೆ, ಎದೆಯ ಪಟ್ಟಿ ಹಿಡಿದುಕೊಳ್ಳಿ. ಬೀಳುವಾಗ ಸೊಂಟ ಮುಂದಕ್ಕೆ, ಕಾಲು ಹಿಂದಕ್ಕೆ, ಬಿಲ್ಲಿನ ಹಾಗೆ. ಇಳಿಯುವಾಗ ಮೊಣಕಾಲು ಎತ್ತಿ ಕಾಲು ಮುಂದಕ್ಕೆ ಚಾಚಿ, ಕುಳಿತು ಜಾರುವ ಹಾಗೆ. ನಾಲ್ಕನೆಯದು ಹೇಳಿದರೆ ಮೊದಲನೆಯದು ಮರೆತುಹೋಗುತ್ತದೆ. ಹೆದರಿದ ಮನುಷ್ಯನ ಕಿವಿಗೆ ಹೆಚ್ಚು ಮಾತು ಇಳಿಯುವುದಿಲ್ಲ.

ಇದನ್ನು ನಾನು ಕಲಿತದ್ದು ಫ್ಲಾರಿಡಾದಲ್ಲಲ್ಲ, ಆ ಸಂಕದ ಮೇಲೆ. ನನಗಿಂತ ಎರಡು ತರಗತಿ ಮುಂದಿದ್ದ ಅಕ್ಕ ಒಬ್ಬರು ದಿನಾ ನನ್ನ ಕೈ ಹಿಡಿದು ದಾಟಿಸುತ್ತಿದ್ದರು. "ನೀರು ನೋಡಬೇಡ, ಆಚೆ ದಡ ನೋಡು" ಅಂತ ಒಂದೇ ಮಾತು. ಹೆದರಬೇಡ ಅಂತ ಅವರು ಒಂದು ದಿನವೂ ಹೇಳಲಿಲ್ಲ, ಹೇಡಿ ಅಂತಲೂ ಹೇಳಲಿಲ್ಲ. ಇಂದಿಗೂ ವಿಮಾನದ ಬಾಗಿಲಲ್ಲಿ ನಾನು ಯಾರಿಗೂ ಹೆದರಬೇಡಿ ಅನ್ನುವುದಿಲ್ಲ. "ತಲೆ ಎತ್ತಿ, ದೂರದ ಅಂಚು ನೋಡಿ" ಅನ್ನುತ್ತೇನೆ. ತಲೆ ಎತ್ತಿದರೆ ಮೈ ತಾನಾಗಿಯೇ ಬಿಲ್ಲಾಗುತ್ತದೆ.

ಒಮ್ಮೆ ನಮ್ಮ ಕಡೆಯ ಒಬ್ಬರು ತಾಯಿ ಬಂದಿದ್ದರು. ಅರವತ್ತು ದಾಟಿದವರು. ಮಗ ಹುಟ್ಟುಹಬ್ಬಕ್ಕೆಂದು ಟಿಕೆಟ್ ತೆಗೆಸಿದ್ದ. ಹಾರ್ನೆಸ್ ಕಟ್ಟುವಾಗ ನನ್ನ ಕನ್ನಡ ಕೇಳಿ, "ಬೆಳಿಗ್ಗೆಯಿಂದ ಹಾರ್ತಾ ಇದೀಯಲ್ಲ, ಏನಾದರೂ ತಿಂದಿದೀಯೇನಪ್ಪಾ?" ಅಂತ ನನ್ನನ್ನೇ ವಿಚಾರಿಸಿದರು. ಅವರು ಮಾತ್ರ ಹೆದರಿ ಏನೂ ತಿಂದಿರಲಿಲ್ಲ. ಹಾಗೆ ಮಾಡಬಾರದು, ಖಾಲಿ ಹೊಟ್ಟೆಗೂ ತಲೆ ಸುತ್ತುತ್ತದೆ. ಎರಡು ಬಾಳೆಹಣ್ಣು ತಿನ್ನಿಸಿ ಕರೆದುಕೊಂಡು ಹೋದೆ. ಮೇಲೆ ಬಾಗಿಲು ತೆಗೆದಾಗ ಗಾಳಿಯ ಸದ್ದಿಗೆ ನನ್ನ ಕೈ ಗಟ್ಟಿಯಾಗಿ ಹಿಡಿದು, "ಬೇಡ ಮಗಾ" ಎಂದರು. ನಾನು ಹಿಂದೆ ಸರಿದು ಕುಳಿತೆ. ಇಬ್ಬರೂ ವಿಮಾನದಲ್ಲೇ ಇಳಿದು ಬಂದೆವು.

ಕೆಳಗೆ ಮಗನಿಗೆ ಸಿಟ್ಟು. ದುಡ್ಡು ದಂಡವಾಯಿತು, ಸ್ವಲ್ಪ ತಳ್ಳಿದ್ದರೆ ಆಗುತ್ತಿತ್ತು ಎಂದ. ನಾನು ಹೇಳಿದೆ, "ಸ್ವಾಮಿ, ನನ್ನ ಎದೆಗೆ ಕಟ್ಟಿಕೊಂಡಿರುವವರು ಬೇಡ ಅಂದ ಮೇಲೆ ಅದು ಬೇಡವೇ." ಬಾಗಿಲಲ್ಲಿ ಕೈಕಾಲು ಅಡ್ಡ ಹಾಕಿ ತಡೆದವರನ್ನು ತಳ್ಳಿದರೆ ಹೊರಗೆ ಬೀಳುವಾಗಲೇ ಮೈ ತಿರುಗುತ್ತದೆ. ಅಪಾಯ ಅಲ್ಲಿಂದಲೇ ಶುರು. ಅದಕ್ಕಿಂತ ದೊಡ್ಡ ವಿಷಯ, ಅವರು ನನ್ನನ್ನು ನಂಬಿ ಮೇಲೆ ಬಂದಿದ್ದರು. ಬೇಡ ಎನ್ನಲು ಅವರಿಗೆ ಬೇಕಾದದ್ದೂ ಧೈರ್ಯವೇ.

ಈಗ ವಿಂಗ್‌ಸೂಟ್ ವಿಷಯ. ಮೊಬೈಲಿನಲ್ಲಿ ನೀವೆಲ್ಲ ನೋಡಿರುತ್ತೀರಿ, ಬೆಟ್ಟದ ಸಂದಿಯಲ್ಲಿ ಹಕ್ಕಿಯ ಹಾಗೆ ಹೋಗುವವರನ್ನು. ನಮ್ಮ ತೋಟದ ಹಾರುವ ಓತಿ, ಕಾಡಿನ ಹಾರುಬೆಕ್ಕು ನೋಡಿದವರಿಗೆ ಅದು ಸುಲಭವಾಗಿ ಅರ್ಥವಾಗುತ್ತದೆ. ಕೈಗೂ ಪಕ್ಕೆಗೂ ನಡುವೆ, ಎರಡು ಕಾಲುಗಳ ನಡುವೆ ಬಟ್ಟೆ. ಗಾಳಿ ತುಂಬಿದಾಗ ಅದು ರೆಕ್ಕೆಯಾಗುತ್ತದೆ. ಆದರೆ ಅದು ಹಾರಾಟವಲ್ಲ, ತೇಲುತ್ತಾ ಇಳಿಯುವುದು. ಒಂದು ಅಡಿ ಇಳಿಯುವಷ್ಟರಲ್ಲಿ ಎರಡೂವರೆ ಮೂರು ಅಡಿ ಮುಂದೆ ಹೋಗಬಹುದು. ಒಂದು ನಿಮಿಷದ ಜಿಗಿತ ಎರಡು ಮೂರು ನಿಮಿಷವಾಗುತ್ತದೆ. ಅದರ ಸುಖ ನಾನು ಸುಳ್ಳು ಹೇಳಲಾರೆ, ಬಹಳ ದೊಡ್ಡದು.

ಆದರೆ ರೆಕ್ಕೆ ಬಂದಾಗ ಕೈ ಹೋಗುತ್ತದೆ. ತೋಳು ಬಟ್ಟೆಯಲ್ಲಿ ಸಿಕ್ಕಿರುವುದರಿಂದ ಮೇಲಕ್ಕೆ ಎತ್ತಲಾಗುವುದಿಲ್ಲ. ಪ್ಯಾರಾಚೂಟ್ ಬಿಚ್ಚಿದ ಮೇಲೆ ಜಿಪ್ ತೆಗೆದೇ ಹಿಡಿಕೆ ಹಿಡಿಯಬೇಕು. ವಿಮಾನದಿಂದ ಹೊರಬಿದ್ದ ಕೂಡಲೇ ರೆಕ್ಕೆ ಅಗಲಿಸಿದರೆ ಮೇಲಕ್ಕೆದ್ದು ವಿಮಾನದ ಬಾಲಕ್ಕೆ ಬಡಿಯುವ ಅಪಾಯವಿದೆ. ಅದಕ್ಕೆ ಮೊದಲು ಮುದುಡಿಕೊಂಡು ಬೀಳಬೇಕು. ಪ್ಯಾರಾಚೂಟ್ ಎಳೆಯುವಾಗ ಎರಡೂ ಕಡೆಯ ರೆಕ್ಕೆ ಸಮನಾಗಿ ಮುಚ್ಚಬೇಕು. ಇನ್ನೊಂದು ಸೂಕ್ಷ್ಮವಿದೆ. ಎಚ್ಚರ ತಪ್ಪಿದವರಿಗಾಗಿ ಮೀಸಲು ಪ್ಯಾರಾಚೂಟನ್ನು ತಾನಾಗಿ ತೆರೆಯುವ ಒಂದು ಯಂತ್ರ ನಮ್ಮ ಬೆನ್ನಲ್ಲಿರುತ್ತದೆ. ಸಾಮಾನ್ಯ ಯಂತ್ರ ಕೆಲಸ ಮಾಡಬೇಕಾದರೆ ಬೀಳುವ ವೇಗ ಸೆಕೆಂಡಿಗೆ 35 ಮೀಟರ್ ದಾಟಿರಬೇಕು. ವಿಂಗ್‌ಸೂಟಿನಲ್ಲಿ ಇಳಿಯುವವನ ವೇಗ ಅದಕ್ಕಿಂತ ಕಡಿಮೆ. ಅಂದರೆ ಆ ಯಂತ್ರ ಇವನು ಸುರಕ್ಷಿತವಾಗಿ ಇಳಿಯುತ್ತಿದ್ದಾನೆ ಎಂದೇ ತಿಳಿಯುತ್ತದೆ! ಇದಕ್ಕೇ 200 ಜಿಗಿತ ಆಗುವವರೆಗೆ ಅಮೆರಿಕದಲ್ಲಿ ಯಾರಿಗೂ ವಿಂಗ್‌ಸೂಟ್ ಹಾಕಲು ಬಿಡುವುದಿಲ್ಲ.

ನನಗೆ ಆಗ 700 ಜಿಗಿತ ದಾಟಿತ್ತು. ಟ್ಯಾಂಡೆಮ್ ಬೋಧಕ ಎಂಬ ಹೆಸರೂ ಬಂದಿತ್ತು. ಒಂದು ಭಾನುವಾರ ವಿಂಗ್‌ಸೂಟ್ ಒಳಗೆ ಕಾಲು ತೂರಿಸಿ ಪ್ಯಾರಾಚೂಟ್ ಹೆಗಲಿಗೇರಿಸುತ್ತಿದ್ದೆ. ಅಷ್ಟರಲ್ಲಿ ಯಾರೋ ಕರೆದು ಏನೋ ಕೇಳಿದರು. ಉತ್ತರ ಹೇಳಿ ಬಂದು ಜಿಪ್ ಎಳೆದುಕೊಂಡೆ. ಸೂಟ್ ಮೈಗೆ ಬಿಗಿಯಾಗಿ ಕೂತಿತ್ತು. ವಿಮಾನ ಹತ್ತುವ ಸಾಲಿನಲ್ಲಿ ನಿಂತಿದ್ದೆ.

ನನ್ನ ಹಿಂದೆ ಒಬ್ಬಳು ಹುಡುಗಿ, ಮೂವತ್ತು ಜಿಗಿತವೂ ಆಗದವಳು. "ಸರ್, ನಿಮ್ಮ ಕಾಲುಪಟ್ಟಿ ಒಮ್ಮೆ ನೋಡಲಾ?" ಎಂದಳು. ನನಗೆ ರೇಗಿತು. "ಎಲ್ಲಾ ನೋಡಿಕೊಂಡಿದ್ದೇನೆ" ಎಂದೆ. ಅವಳು ಸುಮ್ಮನಾಗಬಹುದಿತ್ತು, ಆಗಲಿಲ್ಲ. "ಹೊರಗಿನಿಂದ ಕಾಣಿಸುತ್ತಿಲ್ಲ, ಅದಕ್ಕೆ ಕೇಳಿದೆ" ಎಂದಳು. ಅವಳ ಬಾಯಿ ಮುಚ್ಚಿಸಲೆಂದೇ ಜಿಪ್ ಇಳಿಸಿದೆ. ಎರಡೂ ತೊಡೆಯ ಪಟ್ಟಿಗಳು ಬಿಚ್ಚಿ ನೇತಾಡುತ್ತಿದ್ದವು.

ತಿಳಿಯದವರಿಗೆ ಹೇಳುತ್ತೇನೆ. ಆ ಎರಡು ಪಟ್ಟಿ ಇಲ್ಲದೆ ಹಾರಿದರೆ ಪ್ಯಾರಾಚೂಟ್ ಚೆನ್ನಾಗಿಯೇ ಬಿಚ್ಚಿಕೊಳ್ಳುತ್ತದೆ, ಆದರೆ ಅದರೊಳಗೆ ಮನುಷ್ಯ ಇರುವುದಿಲ್ಲ. ಕೆಳಗೆ ಜಾರಿರುತ್ತಾನೆ. ವಿಂಗ್‌ಸೂಟ್ ಪಟ್ಟಿಗಳನ್ನು ಮುಚ್ಚಿಬಿಡುತ್ತದೆ, ಅದರ ಬಿಗಿಯೇ ಪಟ್ಟಿಯ ಬಿಗಿ ಅನ್ನಿಸುತ್ತದೆ. ಅನುಭವಿಗಳೇ ಹೀಗೆ ಮರೆತು ಪ್ರಾಣ ಕಳೆದುಕೊಂಡದ್ದಿದೆ. ನಾನು ಅಲ್ಲೇ ಹುಲ್ಲಿನ ಮೇಲೆ ಕುಳಿತೆ. ಆ ದಿನ ಹಾರಲಿಲ್ಲ.

ಅವತ್ತು ರಾತ್ರಿ ನೆನಪಾದದ್ದು ಈ ಶಾಲೆಯ ಗಣಿತದ ಮೇಷ್ಟ್ರು. ಅವರು ಇಂದು ನಮ್ಮೊಂದಿಗಿಲ್ಲ. ಉತ್ತರ ಸರಿಯಿದ್ದರೂ ತಾಳೆ ನೋಡದ ಲೆಕ್ಕಕ್ಕೆ ಅವರು ಪೂರ್ತಿ ಅಂಕ ಕೊಡುತ್ತಿರಲಿಲ್ಲ. "ಉತ್ತರ ನಿನ್ನದು, ತಾಳೆ ಲೆಕ್ಕದ್ದು" ಎನ್ನುತ್ತಿದ್ದರು. ಬೋರ್ಡಿನ ಮೇಲೆ ಅವರೇ ತಪ್ಪು ಮಾಡಿದಾಗ ಹಿಡಿದುಕೊಟ್ಟವರಿಗೆ ಜೇಬಿನಿಂದ ಪೆಪ್ಪರಮಿಂಟು. ಬೇಕೆಂದೇ ತಪ್ಪು ಮಾಡುತ್ತಿದ್ದರೋ ಏನೋ, ಕೊನೆಯ ಬೆಂಚಿನವರಿಗೂ ಸಿಕ್ಕಿದೆ. ದೊಡ್ಡವರನ್ನು ತಿದ್ದಬಹುದು, ತಿದ್ದಿಸಿಕೊಂಡವರು ಸಣ್ಣವರಾಗುವುದಿಲ್ಲ ಎಂಬುದನ್ನು ಅವರು ಹಾಗೆ ಕಲಿಸಿದರು. ನಾನು ಅದನ್ನು ಮರೆತಿದ್ದೆ.

ಈ ಕ್ರೀಡೆಯ ಇತಿಹಾಸದಲ್ಲೂ ತಾಳೆ ನೋಡದವರಿದ್ದಾರೆ. 1912ರಲ್ಲಿ ಫ್ರಾಂಜ್ ರೈಖೆಲ್ಟ್ ಎಂಬ ದರ್ಜಿ ತಾನೇ ಹೊಲಿದ ಪ್ಯಾರಾಚೂಟ್ ಉಡುಪು ತೊಟ್ಟು ಪ್ಯಾರಿಸ್ಸಿನ ಐಫೆಲ್ ಗೋಪುರದಿಂದ ಹಾರಿ ಸತ್ತ. ಬೊಂಬೆ ಎಸೆದು ನೋಡಿ ಎಂದವರ ಮಾತನ್ನು ಕೇಳಲಿಲ್ಲ. ಇಂದಿನ ವಿಂಗ್‌ಸೂಟಿಗೆ ದಾರಿ ಹಾಕಿಕೊಟ್ಟ ಫ್ರಾನ್ಸಿನ ಪ್ಯಾಟ್ರಿಕ್ ದ ಗಯಾರ್ಡನ್ ಅಸಾಧಾರಣ ಹಾರಾಟಗಾರ. 1998ರಲ್ಲಿ ಹವಾಯಿಯಲ್ಲಿ ಅವನು ತೀರಿಕೊಂಡದ್ದು ಹಾರುವುದರಲ್ಲಿ ತಪ್ಪಿ ಅಲ್ಲ. ತನ್ನ ಪ್ಯಾರಾಚೂಟ್ ಚೀಲಕ್ಕೆ ಮಾಡಿಕೊಂಡ ಮಾರ್ಪಾಡಿನ ತಪ್ಪಿನಿಂದ. ಒಬ್ಬ ಹೊಸಬ, ಒಬ್ಬ ನಿಪುಣ. ಗಾಳಿ ಇಬ್ಬರನ್ನೂ ಒಂದೇ ತರ ನೋಡಿತು.

ಅಂದಿನಿಂದ ಎರಡು ನಿಯಮ ಇಟ್ಟುಕೊಂಡಿದ್ದೇನೆ. ನಡುವೆ ಯಾರಾದರೂ ಕರೆದರೆ, ಬಿಟ್ಟ ಜಾಗದಿಂದ ಮುಂದುವರಿಸುವುದಿಲ್ಲ, ಮೊದಲಿನಿಂದ ಶುರು ಮಾಡುತ್ತೇನೆ. ಎರಡನೆಯದು, ವಿಮಾನ ಹತ್ತುವ ಮೊದಲು ಸಾಲಿನಲ್ಲಿ ಎಲ್ಲರಿಗಿಂತ ಹೊಸಬರನ್ನು ಕರೆದು, "ನನ್ನದೊಮ್ಮೆ ನೋಡಿ" ಎನ್ನುತ್ತೇನೆ. ಅವರಿಗೆ ಸಂಕೋಚ, ನನಗೆ ಜೀವ. ನಮ್ಮೂರ ಕೊನೆಗೌಡರು ಹುಟ್ಟಿದಾಗಿನಿಂದ ಅಡಿಕೆ ಮರ ಹತ್ತಿದವರು, ಆದರೂ ದಿನಾ ಮೊದಲ ಮರದ ಬುಡದಲ್ಲಿ ಹಗ್ಗ ಎಳೆದು ನೋಡದೆ ಹತ್ತಿದ್ದನ್ನು ನಾನು ನೋಡಿಲ್ಲ.

ಮಕ್ಕಳೇ, ನೀವೆಲ್ಲ ವಿಮಾನದಿಂದ ಹಾರಬೇಕಿಲ್ಲ. ಹಾರುವ ಆಸೆ ಇದ್ದರೆ 18 ತುಂಬಲಿ, ಪರವಾನಗಿ ಇರುವ ಕಡೆ ಹೋಗಿ, ಬೋಧಕನ ಅನುಭವ ಎಷ್ಟು, ಮೀಸಲು ಪ್ಯಾರಾಚೂಟ್ ಮಡಿಸಿ ಎಷ್ಟು ದಿನವಾಯಿತು ಎಂದು ನಾಚಿಕೆ ಇಲ್ಲದೆ ಕೇಳಿ. ಕೇಳಿದ್ದಕ್ಕೆ ರೇಗುವವನ ಎದೆಗೆ ನಿಮ್ಮನ್ನು ಕಟ್ಟಿಕೊಳ್ಳಬೇಡಿ. ಹಾರದಿದ್ದರೂ ಬಸ್ಸು ಓಡಿಸುತ್ತೀರಿ, ಕರೆಂಟು ಕಂಬ ಹತ್ತುತ್ತೀರಿ, ರೋಗಿಗೆ ಸೂಜಿ ಚುಚ್ಚುತ್ತೀರಿ. ಅಲ್ಲೆಲ್ಲ ಇನ್ನೊಬ್ಬರ ಜೀವ ನಿಮ್ಮ ಪಟ್ಟಿಗೆ ಕಟ್ಟಿರುತ್ತದೆ. ತಾಳೆ ನೋಡಿ. ಚಿಕ್ಕವರು ತಪ್ಪು ತೋರಿಸಿದರೆ ಪೆಪ್ಪರಮಿಂಟು ಕೊಡಿ.

ಆ ಮೇಷ್ಟ್ರ ನೆನಪಿಗೆ ಗಣಿತದಲ್ಲಿ ಅತಿ ಹೆಚ್ಚು ಅಂಕ ತೆಗೆದವರಿಗೆ ಬಹುಮಾನ ಇಡಿ ಎಂದು ಸಮಿತಿಯವರು ಸೂಚಿಸಿದ್ದರು. ಹಣ ಕೊಡುತ್ತೇನೆ. ಒಂದೇ ಬೇಡಿಕೆ: ಅದು ವರ್ಷದಲ್ಲಿ ಮೇಷ್ಟ್ರ ತಪ್ಪನ್ನು ಅತಿ ಹೆಚ್ಚು ಸಲ ಹಿಡಿದ ವಿದ್ಯಾರ್ಥಿಗೆ ಹೋಗಲಿ. ಈಗಿನ ಗಣಿತದ ಮೇಡಂ ನಗುತ್ತಿದ್ದಾರೆ, ಒಪ್ಪಿಗೆ ಎಂದು ತಿಳಿಯುತ್ತೇನೆ.

ಸಂಕ ಇದ್ದ ಜಾಗದಲ್ಲಿ ಈಗ ಸಿಮೆಂಟಿನ ಸೇತುವೆ ಬಂದಿದೆ. ಬೆಳಿಗ್ಗೆ ನಡೆದು ನೋಡಿದೆ. ಅಭ್ಯಾಸಬಲ, ಆಚೆ ದಡ ನೋಡುತ್ತಲೇ ದಾಟಿದೆ. ಕೈ ಹಿಡಿದು ದಾಟಿಸಿದ ಅಕ್ಕನಿಗೂ, ಈ ಶಾಲೆಗೂ ನನ್ನ ನಮಸ್ಕಾರ.